ಕುರ್ಚಿ ಕೊಟ್ಟ ತಪ್ಪಿಗೆ

ನನ್ನ ಧ್ವನಿ ದೊಡ್ಡದು. ಮೂಡಿಗೆರೆ ಕೋರ್ಟಿನಲ್ಲಿ ನಾನು ಪಾಟಿಸವಾಲಿಗೆ ಎದ್ದರೆ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುವವರು ಬಂದ ಬಸ್ಸನ್ನೂ ಬಿಟ್ಟು ಸಾಕ್ಷಿಯ ಉತ್ತರಕ್ಕೆ ಕಾಯುತ್ತಾರೆ ಎಂದು ಬಾರ್ ಅಸೋಸಿಯೇಶನ್ನಿನವರು ತಮಾಷೆ ಮಾಡುವುದುಂಟು. ಮೂವತ್ತನಾಲ್ಕು ವರ್ಷ ಈ ಗಂಟಲಿನಿಂದಲೇ ಅನ್ನ ತಿಂದಿದ್ದೇನೆ. ಇಂಥ ನನಗೆ, ಅಂದರೆ ವಕೀಲ ಬಸವರಾಜಪ್ಪನಿಗೆ, ಅರವತ್ತೊಂದನೆಯ ವಯಸ್ಸಿನಲ್ಲಿ ಇಪ್ಪತ್ತಮೂರು ವರ್ಷದ ಹುಡುಗಿಯೊಬ್ಬಳು ಮಾತಾಡುವುದನ್ನು ಕಲಿಸಲು ಬಂದಳು. ಕಲಿಸಿದಳು ಎನ್ನುವುದಕ್ಕಿಂತ, ಇಬ್ಬರೂ ಕೈ ಕೈ ಹಿಡಿದುಕೊಂಡು ಜಾರಿ ಬಿದ್ದೆವು ಎಂದರೆ ಸರಿಯಾದೀತು.

ಹುಡುಗಿಯ ಹೆಸರು ಗಗನಾ. ಜಾವಳಿಯ ಕಾಫಿ ಪ್ಲಾಂಟರ್ ಒಬ್ಬರ ಮಗಳು, ಕಾನೂನು ಕಾಲೇಜಿನ ಕೊನೆಯ ವರ್ಷ. ನಾಲ್ಕು ತಿಂಗಳು ವಕೀಲರೊಬ್ಬರ ಆಫೀಸಿನಲ್ಲಿದ್ದು ಕೆಲಸ ಕಲಿಯಬೇಕೆಂದು ಕಾಲೇಜಿನವರು ನನ್ನ ಬಳಿ ಕಳಿಸಿದ್ದರು. ನಮ್ಮ ಕಾಲದಲ್ಲಿ ಕಾನೂನು ಓದುವುದೆಂದರೆ ಸೆಕ್ಷನ್ನುಗಳನ್ನು ಬಾಯಿಪಾಠ ಮಾಡುವುದು. ಇವರಿಗೆ ಹೊಸ ಪಾಠ ಇದೆಯಂತೆ. ಆಘಾತ ಅನುಭವಿಸಿ ಬಂದ ಕಕ್ಷಿದಾರರ ಜೊತೆ ಹೇಗೆ ಕೂರಬೇಕು, ಹೇಗೆ ಕೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದಂತೆ.

"ಸುಮ್ನಿರೋದಕ್ಕೂ ಮಾರ್ಕ್ಸ್ ಇದ್ಯಾ?" ಎಂದು ಕೇಳಿದೆ.

"ಇದೆ ಸರ್. ನಿಮಗೆ ಆ ಪೇಪರ್ ಸ್ವಲ್ಪ ಕಷ್ಟ ಆಗ್ಬಹುದು," ಎಂದಳು.

ಬಂದ ಮೂರನೆಯ ದಿನ ನನ್ನ ಮೇಜನ್ನು ಗೋಡೆಗೆ ತಳ್ಳಿದಳು. ವಕೀಲರಿಗೂ ಕಕ್ಷಿದಾರರಿಗೂ ನಡುವೆ ಅಷ್ಟು ದೊಡ್ಡ ಮೇಜು ಇರಬಾರದಂತೆ. ಕಕ್ಷಿದಾರರ ಕುರ್ಚಿಯನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿದಳು. "ಬಾಗ್ಲು ಕಂಡ್ರೆ ಎದ್ದು ಓಡ್ತಾರೆ ಮಾರಾಯ್ತಿ," ಎಂದೆ. "ಓಡ್ಬಹುದು ಅಂತ ಗೊತ್ತಾದ್ರೆ ನೆಮ್ಮದಿಯಾಗಿ ಕೂರ್ತಾರೆ ಸರ್," ಎಂದಳು. ನನ್ನ ಮೇಜು ಮುಟ್ಟಿದವರು ಬೇರೆ ಯಾರೇ ಆಗಿದ್ದರೂ ಆವತ್ತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿರುತ್ತಿದ್ದೆ. ಸುಮ್ಮನಿದ್ದೆ. ಅದಕ್ಕೆ ಕಾರಣ ಮುತ್ತಮ್ಮ.

ಮುತ್ತಮ್ಮ ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟೊಂದರ ಕಾಯಂ ಕೂಲಿ. ಕೂಲಿಯವರಿಗೆಂದು ತೋಟದವರು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ ಒಂದು ಅವಳ ಹೆಸರಿನಲ್ಲಿದೆ. ಗಂಡ ದಿಲೀಪ ಪಿಕಪ್ ಓಡಿಸುತ್ತಾನೆ, ಮನೆಗೆ ಬಂದರೆ ಹೊಡೆಯುತ್ತಾನೆ. ಎರಡು ವರ್ಷದ ಹಿಂದೆ ಅವಳು ನನ್ನ ಬಳಿ ಬಂದು ಕೇಳಿದ್ದು ಇಷ್ಟೇ: ಅವನು ಆ ಮನೆಯ ಹತ್ತಿರ ಬರದ ಹಾಗೆ ಕೋರ್ಟಿನಿಂದ ಒಂದು ಆದೇಶ. ನಾನು ಅರ್ಜಿ ಹಾಕಿದೆ. ಅವಳ ಹೇಳಿಕೆಯನ್ನು ಪ್ರಮಾಣಪತ್ರದಲ್ಲಿ ಬರೆಯುವಾಗ ತಾರೀಖು ಕೇಳಿದೆ. ಗೊತ್ತಿಲ್ಲ ಎಂದಳು. ಕೋರ್ಟಿಗೆ ತಾರೀಖು ಬೇಡವೇ? "ಮಾರ್ಚ್ ಹದಿನಾಲ್ಕು ಇರ್ಬಹುದಾ?" ಎಂದೆ. ಇರಬಹುದು ಎಂದಳು. ನಾಲ್ಕು ಘಟನೆಗೆ ನಾಲ್ಕು ತಾರೀಖು ಚೆಂದವಾಗಿ ಕೂರಿಸಿದೆ.

ಪಾಟಿಸವಾಲಿನಲ್ಲಿ ಎದುರು ವಕೀಲ ಶಶಿಕಿರಣ್ ಆ ನಾಲ್ಕು ತಾರೀಖನ್ನು ಹಿಡಿದುಕೊಂಡು ಜಗ್ಗಿದ. ಮಾರ್ಚ್ ಹದಿನಾಲ್ಕು ಯಾವ ವಾರ, ಬೆಳಿಗ್ಗೆಯೋ ಸಂಜೆಯೋ ಎಂದು ಕೇಳಿದ. ಮುತ್ತಮ್ಮನ ಬಾಯಿ ಮುಚ್ಚಿತು. ಮತ್ತೆ ತೆರೆಯಲೇ ಇಲ್ಲ. ಅರ್ಜಿ ವಜಾ ಆಯಿತು. ನಾನು ಅವಳನ್ನು ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು, "ಬಾಯಲ್ಲಿ ಏನ್ ಅವಲಕ್ಕಿ ತುಂಬ್ಕೊಂಡಿದ್ಯೇನೇ?" ಎಂದು ನಾಲ್ಕು ಜನರೆದುರು ಬೈದೆ. ಅವಳು ತಲೆ ತಗ್ಗಿಸಿಕೊಂಡು ಅದೇ ಮನೆಗೆ, ಅವನಿದ್ದ ಮನೆಗೆ ಹೋದಳು. ಮುಂದಿನ ಬೇಸಿಗೆಯಲ್ಲಿ ಅವನು ಅವಳ ಎಡಗೈ ಮುರಿದ. ಅಲ್ಲಿಂದೀಚೆಗೆ ಮಗಳು ದೀಪಶ್ರೀಯನ್ನು ಕಟ್ಟಿಕೊಂಡು ದೊಡ್ಡಮ್ಮ ಗಿಡ್ಡಮ್ಮನ ಮನೆಯಲ್ಲಿದ್ದಾಳೆ. ಅವಳ ಮನೆಯಲ್ಲಿ ಅವನು ಆರಾಮಾಗಿ ಮಲಗುತ್ತಾನೆ.

ಈಗ ಎರಡನೆಯ ಅರ್ಜಿ. ಫೆಬ್ರವರಿ ಕೊನೆಗೆ ಸಾಕ್ಷಿ. ಈ ಸಲವೂ ಬಾಯಿ ಬಿಡದಿದ್ದರೆ ಆ ಮನೆ ಅವಳಿಗಿಲ್ಲ.

ಈ ನಡುವೆ ಉಚಿತ ಕಾನೂನು ನೆರವು ಕೊಡುವ ವಕೀಲರಿಗೆಂದು ಚಿಕ್ಕಮಗಳೂರಿನಲ್ಲಿ ಒಂದು ದಿನದ ತರಬೇತಿ ಇತ್ತು. ಗಗನಾ ನನ್ನನ್ನು ಕೇಳದೆ ನನ್ನ ಹೆಸರು ಬರೆಸಿದ್ದಳು. ಗಿರಿಯ ಸಾಲು ಕಾಣುವ ಕಿಟಕಿಯ ಪಕ್ಕ ಜಾಗ ಹಿಡಿದು ಊಟದವರೆಗೆ ತೂಕಡಿಸುವುದು ನನ್ನ ಲೆಕ್ಕಾಚಾರ. ಆದರೆ ಪಾಠ ಮಾಡಿದ ಹೆಂಗಸು ಒಂದು ಮಾತು ಹೇಳಿದರು. ಪೆಟ್ಟು ತಿಂದವರಿಗೆ ನೆನಪು ತಾರೀಖಿನ ಪ್ರಕಾರ ಬರುವುದಿಲ್ಲ, ವಾಸನೆಯಾಗಿ, ಸದ್ದಾಗಿ, ಹಿಂದುಮುಂದಾಗಿ ಬರುತ್ತದೆ, ಹಾಗೆ ಬಂತೆಂದು ಅದನ್ನು ಸುಳ್ಳೆನ್ನಬೇಡಿ ಎಂದರು. ನನಗೆ ನಿದ್ದೆ ಹಾರಿಹೋಯಿತು. ಕೋರ್ಟಿನ ಮೆಟ್ಟಿಲು ಕಣ್ಣೆದುರು ಬಂತು. ನಾಚಿಕೆಯಾಯಿತು. ಹೇಳಿಕೊಳ್ಳುವುದಕ್ಕೇನು, ಊಟವೂ ಸೇರಲಿಲ್ಲ.

ಹೊರಡುವಾಗ ಏನೇನು ಮಾಡಬೇಕೆಂಬ ಒಂದು ಪಟ್ಟಿ ಕೊಟ್ಟರು. ಅದನ್ನು ಮನೆಗೆ ತಂದು ಹೆಂಡತಿಯ ಮೇಲೆ ಪ್ರಯೋಗ ಮಾಡಿದೆ. "ಶಿವಗಂಗಾ, ನಿನಗೆ ಎಲ್ಲಿ ಕೂರ್ಬೇಕು ಅನ್ಸುತ್ತೋ ಅಲ್ಲಿ ಕೂತ್ಕೋ. ಇಷ್ಟ ಇದ್ರೆ ಮಾತ್ರ ಮಾತಾಡು. ಯಾವಾಗ ಬೇಕಾದ್ರೂ ಎದ್ದು ಹೋಗ್ಬಹುದು," ಎಂದೆ, ಸಾಧ್ಯವಾದಷ್ಟು ಮೆತ್ತಗೆ.

ಶಿವಗಂಗಮ್ಮ ಒಲೆ ಆರಿಸಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ರೀ. ಏನ್ ಮಾಡ್ಕೊಂಡ್ ಬಂದಿದೀರಿ, ನಿಜ ಹೇಳಿ. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ನಮ್ಮಪ್ಪ ಸುಮ್ನೆ ಹೇಳ್ತಿರ್ಲಿಲ್ಲ."

ಆ ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ.

ಸಾಕ್ಷಿಗೆ ಹನ್ನೆರಡು ದಿನ ಇರುವಾಗ ಮುತ್ತಮ್ಮ, ಗಿಡ್ಡಮ್ಮ ಇಬ್ಬರೂ ಆಫೀಸಿಗೆ ಬಂದರು. ಯಾವಾಗಲೂ ಬಾಗಿಲ ಪಕ್ಕ ನಿಂತೇ ಮಾತಾಡುವವರು. ನಾನು ಎದ್ದು ನಿಂತೆ. ಕುರ್ಚಿ ಎಳೆದು, ಅದರ ಧೂಳನ್ನು ನನ್ನ ಕೈಯಾರೆ ಒರೆಸಿದೆ. "ಬನ್ನಿ ಮುತ್ತಮ್ಮನವರೇ, ಕೂತ್ಕೊಳ್ಳಿ. ಹೇಳ್ಬೇಕು ಅನ್ಸಿದ್ರೆ ಹೇಳಿ, ಇಲ್ದಿದ್ರೆ ಬೇಡ. ಎಲ್ಲಾ ನಿಮ್ಮಿಷ್ಟ. ಯಾವಾಗ ಬೇಕಾದ್ರೂ ಹೋಗ್ಬಹುದು," ಎಂದೆ. ಗಗನಾ ಗಾಜಿನ ಲೋಟದಲ್ಲಿ ಕಾಫಿ ತಂದಿಟ್ಟಳು. ಪಕ್ಕದಲ್ಲಿ ಕಣ್ಣೊರೆಸಿಕೊಳ್ಳಲು ಕಾಗದದ ಕರವಸ್ತ್ರದ ಡಬ್ಬಿ ಬೇರೆ.

ಮುತ್ತಮ್ಮ ಕುರ್ಚಿಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಗಿಡ್ಡಮ್ಮ ಅವಳ ತೋಳು ಹಿಡಿದುಕೊಂಡಳು. "ಆಯ್ತು ಸ್ವಾಮಿ," ಎಂದಳು ಮುತ್ತಮ್ಮ. ಅಷ್ಟೇ. ಇಬ್ಬರೂ ಕಾಫಿ ಮುಟ್ಟದೆ ಹೊರಟುಹೋದರು.

"ನೋಡಿ ಸರ್, ಎದ್ದು ಹೋಗೋ ಸ್ವಾತಂತ್ರ್ಯ ಬಳಸ್ಕೊಂಡ್ರು," ಎಂದಳು ಗಗನಾ. ಆದರೆ ಅವಳ ದನಿಯಲ್ಲೂ ಧೈರ್ಯವಿರಲಿಲ್ಲ. ಮಾರನೆಯ ದಿನ ಫೋನ್ ಮಾಡಿದರೆ ಎತ್ತಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ನಾವಿಬ್ಬರೂ ಕಾರು ಹತ್ತಿದೆವು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನದೆ ಮುಂದೆ ಹೋದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಅಷ್ಟು ಗಾಬರಿಯಾಗಿತ್ತು.

ಗಿಡ್ಡಮ್ಮನ ಮನೆಯಂಗಳದಲ್ಲಿ ಕಾಳುಮೆಣಸಿನ ರಾಶಿ. ಇಬ್ಬರೂ ಗೋಣಿತಾಟಿನ ಮೇಲೆ ಕೂತು ಗೊಂಚಲಿನಿಂದ ಕಾಳು ಬಿಡಿಸುತ್ತಿದ್ದರು. ನಮ್ಮನ್ನು ಕಂಡು ಮುತ್ತಮ್ಮ ಎದ್ದು ನಿಂತಳು. ಗಿಡ್ಡಮ್ಮ ಏಳಲಿಲ್ಲ.

"ಯಾಕಮ್ಮಾ ಹಾಗೆ ಎದ್ದು ಬಂದ್ರಿ? ಫೋನೂ ಎತ್ತಲ್ಲ?" ಎಂದೆ. ಪಟ್ಟಿಯ ದನಿ ಇನ್ನೂ ಗಂಟಲಲ್ಲೇ ಇತ್ತು.

"ಕುರ್ಚಿ ಕೊಟ್ಟು ಹೋಗ್ಬಹುದು ಅಂದ್ಮೇಲೆ ಇನ್ನೇನೈತೆ ಸ್ವಾಮಿ?" ಎಂದಳು ಗಿಡ್ಡಮ್ಮ. "ನಲ್ವತ್ತು ವರ್ಷ ತೋಟ್ದಲ್ಲಿ ದುಡ್ದಿದೀನಿ. ನಂಗೆ ಕುರ್ಚಿ ಕೊಟ್ಟಿದ್ದು ಮೂರೇ ಸಲ. ಮರ ಕಡಿಯೋಕ್ ಹತ್ತಿದ ನನ್ ಗಂಡ ಬಿದ್ ಸತ್ನಲ್ಲ, ಅದ ಹೇಳೋಕೆ ಒಂದ್ಸಲ. ನಾಳೆಯಿಂದ ಕೆಲ್ಸಕ್ಕೆ ಬರ್ಬ್ಯಾಡ ಅನ್ನೋಕೆ ಒಂದ್ಸಲ. ಲೈನ್ ಮನೆ ಬಿಡು ಅನ್ನೋಕೆ ಇನ್ನೊಂದ್ಸಲ. ಮೂರ್ಸಲಾನೂ ಸಾವ್ಕಾರ್ರು ಏನ್ ನಯ ಅಂತೀರಿ! ಕೂತ್ಕೋ ಗಿಡ್ಡಮ್ಮ, ಕಾಪಿ ಕುಡಿ ಗಿಡ್ಡಮ್ಮ. ಗಾಜಿನ್ ಲೋಟ್ದಲ್ಲಿ."

"ನೀವ್ ಬಂದ್ಕೂಡ್ಲೆ ಬೈದಿದ್ರೆ ಕೇಸ್ ಇನ್ನೂ ಐತೆ ಅಂದ್ಕೊತಿದ್ದೆ," ಎಂದಳು ಮುತ್ತಮ್ಮ ಮೆಲ್ಲಗೆ. "ಕುರ್ಚಿ ಒರ್ಸಿದ್ರಲ್ಲ. ಆಗ್ಲೇ ಮುಗೀತು ಅನ್ಕೊಂಡೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಗಗನಾಳ ಮುಖ ಕೆಂಪಾಗಿತ್ತು. ಜಾವಳಿಯ ಅವರ ಮನೆಯಲ್ಲೂ ಒಂದು ಬೆತ್ತದ ಕುರ್ಚಿ ಇದೆ. "ನಮ್ಮಪ್ಪನೂ ಒಮ್ಮೊಮ್ಮೆ ಆಳುಗಳಿಗೆ ಅಂತ ಒಳಗಿಂದ ಅದನ್ನ ತರಿಸೋರು ಸರ್," ಎಂದಳು ನನ್ನ ಕಡೆ ನೋಡದೆ. "ಎಂಥಾ ಮರ್ಯಾದೆ ಕೊಡ್ತಾರೆ ನಮ್ಮಪ್ಪ ಅಂದ್ಕೊಳ್ತಿದ್ದೆ." ಅವಳ ಪುಸ್ತಕದಲ್ಲಿ ಕುರ್ಚಿ ಎಲ್ಲಿಡಬೇಕೆಂದು ಬರೆದಿತ್ತು, ಆ ಕುರ್ಚಿಯಲ್ಲಿ ಅದಕ್ಕೆ ಮೊದಲು ಯಾರು ಯಾಕೆ ಕೂತಿದ್ದರು ಎಂದು ಬರೆದಿರಲಿಲ್ಲ.

"ಹಾಗಾದ್ರೆ ನಾನೇನ್ ಮಾಡ್ಲಿ?" ಎಂದೆ, ನನ್ನ ಸ್ವಂತ ದನಿಯಲ್ಲಿ. ಹಿತ್ತಿಲಿನ ನಾಯಿ ಬೊಗಳಿತು.

ಮುತ್ತಮ್ಮ ಗೋಣಿತಾಟು ತೋರಿಸಿದಳು. "ಕೂತ್ಕೊಂಡು ಮೆಣಸು ಬಿಡ್ಸಿ."

ಕೂತೆ. ಅರವತ್ತು ದಾಟಿದ ಮಂಡಿ ಮಡಚುವಾಗ ಮಾಡಿದ ಸದ್ದಿಗೆ ಅವಳ ಮುಖದಲ್ಲಿ ನಗೆಯ ಎಳೆ ಕಂಡಿತು. ಕೈ ಕಪ್ಪಾಯಿತು, ಸೀನು ಬಂತು. ಏನು ಮಾತಾಡಬೇಕೋ ತಿಳಿಯದೆ, ಎರಡು ವರ್ಷದಿಂದ ಹೊಟ್ಟೆಯಲ್ಲಿದ್ದ ಮಾತನ್ನೇ ಹೊರಹಾಕಿದೆ. "ಅವತ್ತು ಮೆಟ್ಟಿಲ ಮೇಲೆ ಬೈದಿದ್ದು ನನ್ನ ತಪ್ಪು ಮುತ್ತಮ್ಮ."

ಅವಳು ಒಂದು ಗೊಂಚಲು ಪೂರ್ತಿ ಬಿಡಿಸಿದ ಮೇಲೆ ಹೇಳಿದಳು. "ಬೈದಿದ್ದು ಬಿಡಿ ಸ್ವಾಮಿ. ಮೇಸ್ತ್ರಿ ದಿನಾ ಬೈತಾನೆ. ನಾ ಹೇಳ್ದೇ ಇದ್ ತಾರೀಕ ನನ್ ಬಾಯಿಗೆ ಹಾಕಿದ್ರಲ್ಲ, ಅದ್ಕೆ ನನ್ ಮಾತೂ ನಂಗೆ ಸುಳ್ಳು ಅನ್ನಿಸ್ಬಿಡ್ತು."

ನಾನು ಇನ್ನೊಂದು ಗೊಂಚಲು ಎಳೆದುಕೊಂಡೆ. ಮೆಣಸು ಬಿಡಿಸಿದೆ.

ಆಮೇಲೆ ಅವಳು ತಾನಾಗಿ ಹೇಳತೊಡಗಿದಳು. ಕೋರ್ಟಿಗೆ ಬೇಕಾದ ಒಂದು ಎರಡು ಮೂರರ ಕ್ರಮದಲ್ಲಿ ಅಲ್ಲ. ಮೊದಲು ಬಂದದ್ದು ದೀಪಶ್ರೀಯ ಸ್ಕೂಲ್ ಬ್ಯಾಗು: ಅದನ್ನು ಅವನು ಒಲೆಗೆ ಹಾಕಿದ್ದು. ಅಲ್ಲಿಂದ ಯಾವುದೋ ಮಳೆಗಾಲ, ಅಲ್ಲಿಂದ ಹಣ್ಣು ಕೊಯ್ಲಿನ ಒಂದು ಶನಿವಾರ. ನನ್ನ ನಾಲಿಗೆಯ ತುದಿಯಲ್ಲಿ "ಯಾವ ತಾರೀಖು" ಎಂಬುದು ಬಂದು ಕೂತಿತ್ತು. ಬಾಯಿ ತೆರೆದಾಗಲೆಲ್ಲ ಗಗನಾ ಒಂದು ಹಿಡಿ ಗೊಂಚಲನ್ನು ನನ್ನ ಮುಂದೆ ಸುರಿಯುತ್ತಿದ್ದಳು. ಸುಮ್ಮನಿರುವ ಪರೀಕ್ಷೆ ನಿಜಕ್ಕೂ ಕಷ್ಟ, ಒಪ್ಪುತ್ತೇನೆ. ಮುತ್ತಮ್ಮ ನಡುವೆ ನಿಂತರೆ ನಾವೂ ನಿಂತೆವು. ಯಾರೂ ಆಮೇಲೇನಾಯ್ತು ಎನ್ನಲಿಲ್ಲ. ರಾಶಿ ಮುಗಿದಾಗ ಅವಳೂ ಮಾತು ಮುಗಿಸಿದಳು. ಮಾರನೆಯ ದಿನ ಹೋದೆವು, ಅದರ ಮಾರನೆಯ ದಿನವೂ ಹೋದೆವು. ಗಿಡ್ಡಮ್ಮನಿಗೆ ಪುಕ್ಕಟೆ ಎರಡು ಆಳು ಸಿಕ್ಕಿತು.

ಮೂರನೆಯ ದಿನ ಮುರಿದ ಕೈಯ ಮಾತು ಬಂತು.

"ಘಮ ಅಂತಿತ್ತು ಸ್ವಾಮಿ. ತೋಟ್ದ್ ತುಂಬ ಹೂವು. ಈಗ್ಲೂ ಕಾಪಿ ಹೂವಿನ್ ಘಮ ಬಂದ್ರೆ ಈ ಕೈ ನೋಯ್ತದೆ. ಹೂವಾಗೈತೆ, ಯಾರೂ ಒಳಗಿಳೀಬ್ಯಾಡಿ ಅಂತ ರಜ ಕೊಟ್ಟಿದ್ರು. ಅದ್ಕೇ ಮನೇಲಿ ಸಿಕ್ಕಿದ್ದು ಅವನ್ ಕೈಗೆ. ರಜ ಇಲ್ದಿದ್ರೆ ತಪ್ಪಿಸ್ಕೊಂತಿದ್ದೆ."

ನಾನು ಗೋಣಿತಾಟಿನಿಂದ ಅರ್ಧ ಎದ್ದೆ. ಗಗನಾ ನನ್ನ ಅಂಗಿ ಹಿಡಿದು ಕೂರಿಸಿದಳು. ನಾನು ಎದ್ದದ್ದಕ್ಕೆ ಕಾರಣವಿತ್ತು: ದಿಲೀಪನ ಕಡೆಯವರ ಬ್ರಹ್ಮಾಸ್ತ್ರ ಆಸ್ಪತ್ರೆಯ ಚೀಟಿ. ತೋಟದಲ್ಲಿ ಕೆಲಸ ಮಾಡುವಾಗ ಜಾರಿ ಬಿದ್ದು ಕೈ ಮುರಿದಿದೆ ಎಂದು ಅದರಲ್ಲಿ ತಾರೀಖು ಸಮೇತ ಬರೆದಿತ್ತು. ಕಾಫಿ ಗಿಡ ಹೂವು ಬಿಟ್ಟ ದಿನ ಮೈ ತಗುಲಿ ಹೂವು ಉದುರೀತೆಂದು ತೋಟಕ್ಕೆ ಆಳು ಇಳಿಸುವುದಿಲ್ಲ. ಇದು ನಮ್ಮ ಕಡೆ ಮಗುವಿಗೂ ಗೊತ್ತು. ಸಂಜೆಯೇ ತೋಟದ ಲೆಕ್ಕ ಬರೆಯುವ ರೈಟರ್ ಲಕ್ಕಯ್ಯನ ಬಳಿ ಹೋಗಿ ಹಾಜರಿ ಪುಸ್ತಕ ನೋಡಿದೆವು. ಚೀಟಿಯಲ್ಲಿದ್ದ ಅದೇ ದಿನದ ಮುಂದೆ ಲಕ್ಕಯ್ಯನ ಗುಂಡು ಅಕ್ಷರದಲ್ಲಿ ಬರೆದಿತ್ತು: ಹೂವು, ಕೆಲಸ ಇಲ್ಲ. ಮೂವತ್ತನಾಲ್ಕು ವರ್ಷದ ವಕೀಲಿಯಲ್ಲಿ ಎಷ್ಟು ಜನರ ಎಂಥೆಂಥ ಹೂವನ್ನು ತಾರೀಖು ಕೇಳಿ ಕೇಳಿ ಉದುರಿಸಿದ್ದೇನೋ ಎಂದು ಆ ರಾತ್ರಿ ಬಹಳ ಹೊತ್ತು ಸಂಕಟಪಟ್ಟೆ.

ಹೊಸ ಪ್ರಮಾಣಪತ್ರವನ್ನು ಅವಳು ಹೇಳಿದ ಹಾಗೆ ಬರೆದೆವು. ಹೂವು, ಮಳೆ, ಕೊಯ್ಲು. ತಾರೀಖು ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆದೆವು. ಸಹಿ ಹಾಕುವ ಮುಂಚೆ ಮುತ್ತಮ್ಮ ಒಂದು ಷರತ್ತು ಹಾಕಿದಳು. "ಕೇಸ್ ಇರೋವರ್ಗೂ ನೀವು ನಿಮ್ಮಂಗೇ ಇರಿ ಸ್ವಾಮಿ. ನಯ ಮಾಡ್ಬ್ಯಾಡಿ. ನಯ ಮಾಡಿದ್ರೆ ಎದೆ ಡವಡವ ಅಂತದೆ." ಗಗನಾ ಇದನ್ನೂ ಕಾಲೇಜಿನ ವರದಿಗೆ ಬರೆದುಕೊಂಡಳು.

ಸಾಕ್ಷಿಯ ದಿನ ಬಂತು. ಇಂಥ ಕೇಸು ಎಂದು ಹೊರಗಿನವರನ್ನೆಲ್ಲ ಕಳಿಸಿ ಬಾಗಿಲು ಮುಚ್ಚಿಸಿದ್ದರು. ದಿಲೀಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ದೇವರ ಪೂಜೆಗೆ ಬಂದವನ ಹಾಗೆ ಕೈಕಟ್ಟಿ ನಿಂತಿದ್ದ. ಮುತ್ತಮ್ಮ ಕಟಕಟೆ ಹತ್ತಿದಳು. ಪ್ರಮಾಣ ಮಾಡಿದಳು. ಆಗ ಮ್ಯಾಜಿಸ್ಟ್ರೇಟ್ ಮೇಡಂ ಕನ್ನಡಕ ಸರಿಮಾಡಿಕೊಂಡು, ಬಹಳ ಮೃದುವಾಗಿ ಹೇಳಿದರು.

"ಯಾರಲ್ಲಿ, ಅವ್ರಿಗೊಂದು ಕುರ್ಚಿ ಕೊಡಿ. ಕೂತ್ಕೊಳ್ಳಮ್ಮ. ನಿಧಾನವಾಗಿ ಹೇಳು."

ಮೇಡಂ ಕೂಡ ಇಂಥದೇ ತರಬೇತಿಗೆ ಹೋಗಿ ಬಂದಿದ್ದಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಜವಾನ ಕುರ್ಚಿ ತಂದಿಟ್ಟ. ಒಳ್ಳೆಯವನು, ಧೂಳನ್ನೂ ಒರೆಸಿದ! ಮುತ್ತಮ್ಮ ಕುರ್ಚಿ ನೋಡಿದಳು. ಮುಖದ ರಕ್ತ ಇಳಿಯತೊಡಗಿತು. ಕೈ ಕಟಕಟೆಯ ಕಂಬಿಯನ್ನು ಹಿಡಿಯಿತು. ಅವಳ ಕಣ್ಣು ನನ್ನನ್ನು ಹುಡುಕಿತು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಹೋಗದಿದ್ದದ್ದೇ ಒಳ್ಳೆಯದಾಯಿತು.

"ಏ ಮುತ್ತಮ್ಮ! ಕೂತ್ಕೊಳ್ಳೇ ಮಾರಾಯ್ತಿ! ಕಿವಿ ಕೇಳಲ್ವಾ?" ಎಂದು ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಗದರಿದೆ.

ಟೈಪಿಸ್ಟನ ಕೈ ನಿಂತಿತು. ಮೇಡಂ ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ವಕೀಲರೇ, ಸಾಕ್ಷಿ ಹತ್ರ ಹೀಗಾ ಮಾತಾಡೋದು? ಮೊನ್ನೆ ತಾನೇ ತರಬೇತಿಗೆ ಹೋಗಿದ್ರಲ್ಲ?"

"ತಪ್ಪಾಯ್ತು ಮೇಡಂ," ಎಂದೆ. ಆದರೆ ಕಟಕಟೆಯಲ್ಲಿ ಮುತ್ತಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅವಳ ಲೆಕ್ಕದಲ್ಲಿ ಕೇಸು ಇನ್ನೂ ಇತ್ತು. ಅವಳು ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು, ದಿಲೀಪ ಕಾಣದ ಹಾಗೆ ತಿರುಗಿಸಿಕೊಂಡು, ಗಟ್ಟಿಯಾಗಿ ಕೂತಳು.

ಶಶಿಕಿರಣ್ ಚೀಟಿ ತೆಗೆದ. "ತೋಟದಲ್ಲಿ ಜಾರಿ ಬಿದ್ದೆ ಅಂತ ಆಸ್ಪತ್ರೇಲಿ ನೀವೇ ಬರೆಸಿದ್ದಲ್ವಾ?"

"ನಾನಲ್ಲ ಸ್ವಾಮಿ. ಪಕ್ದಲ್ಲಿ ನಿಂತಿದ್ದೋನು ಬರ್ಸಿದ್ದು."

"ತೋಟದಲ್ಲಿ ಬಿದ್ದಿದ್ದಲ್ಲ ಅನ್ನೋಕೆ ಏನು ಗುರುತು?"

ಪ್ರಮಾಣಪತ್ರದ ಹೂವಿನ ಮಾತನ್ನು ಅವನು ಬರೀ ಅಲಂಕಾರವೆಂದು ದಾಟಿಬಿಟ್ಟಿರಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟಿಸವಾಲಿನಲ್ಲಿ ಕೇಳಬೇಡ ಎಂದು ಅವನು ನನ್ನ ಜೂನಿಯರ್ ಆಗಿದ್ದಾಗ ನೂರು ಸಲ ಹೇಳಿದ್ದೆ. ಮುತ್ತಮ್ಮ ಮಾತಾಡಲಿಲ್ಲ. ಹೋದ ಸಲ ನಾನು ಈ ಹೊತ್ತಿಗೆ "ಹೇಳಮ್ಮಾ, ಹೇಳು" ಎಂದು ಒದರಲು ಶುರುಮಾಡಿದ್ದೆ. ಈ ಸಲ ಜೇಬಿನಲ್ಲಿ ಉಳಿದಿದ್ದ ಒಂದು ಮೆಣಸಿನ ಕಾಳನ್ನು ಉಜ್ಜುತ್ತ ನಿಂತೆ. ಮೇಡಂ ಕಾದರು. ಎಲ್ಲರೂ ಕಾದೆವು.

"ಘಮ ಅಂತಿತ್ತು ಸ್ವಾಮಿ," ಎಂದಳು ಕೊನೆಗೆ. "ಅವತ್ತು ಹೂವಾಗಿತ್ತು. ಹೂವಾದ್ ದಿನ ತೋಟಕ್ ಯಾರಿಳೀತಾರೆ? ನಿಮ್ಮನೇಲೂ ತೋಟ ಐತಲ್ಲ, ನೀವ್ ಇಳಿಸ್ತೀರಾ?"

ಶಶಿಕಿರಣ್ ಬಾಯಿ ತೆರೆದ, ಮುಚ್ಚಿದ. ಆವತ್ತು ಅವಲಕ್ಕಿ ತುಂಬಿಕೊಂಡ ಬಾಯಿ ಅವನದಾಗಿತ್ತು. ನಾನು ಲಕ್ಕಯ್ಯನ ಹಾಜರಿ ಪುಸ್ತಕ ಎತ್ತಿಕೊಟ್ಟೆ.

ಮೂರು ವಾರದ ಮೇಲೆ ಆದೇಶ ಬಂತು. ದಿಲೀಪ ಆ ಮನೆ ಖಾಲಿ ಮಾಡಬೇಕು, ಅದರ ಹತ್ತಿರ ಸುಳಿಯಬಾರದು. ಆದೇಶದ ನಕಲು ಹಿಡಿದು ನಾನೂ ಗಗನಾಳೂ ಲೈನ್ ಮನೆಗೆ ಹೋದೆವು. ಹಿಂದಿನ ವಾರ ಮಳೆ ಬಿದ್ದು ಮತ್ತೆ ಹೂವಾಗಿತ್ತು. ಗುಡ್ಡವೆಲ್ಲ ಘಮಘಮ. ಮುತ್ತಮ್ಮ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ನೋಯ್ತಿದ್ಯಾ?" ಎಂದೆ. "ನೋಯ್ತದೆ ಸ್ವಾಮಿ. ಮನೇಲಿ ಕೂತ್ಕೊಂಡ್ ನೋಯ್ತದೆ, ಅಷ್ಟೇ," ಎಂದಳು.

ಒಳಗೆ ಹೊಸದೊಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ದೀಪಶ್ರೀ ಎರಡೂ ಕಾಲು ಮಡಚಿ ಮೇಲಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದಳು. "ಏ, ಏಳೇ, ಲಾಯರ್ ಸ್ವಾಮಿ ಬಂದವ್ರೆ," ಎಂದಳು ತಾಯಿ.

"ಇದೊಂದ್ ಲೆಕ್ಕ ಮುಗೀಲಿ," ಎಂದಳು ಹುಡುಗಿ. ತಲೆ ಕೂಡ ಎತ್ತಲಿಲ್ಲ.

ಮುತ್ತಮ್ಮ ಗದರಲು ಹೋದಳು. ನಾನು ಬೇಡವೆಂದು ಕೈ ಮಾಡಿ, ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.